ಹೊಸ ತುಪಾಕಿಯನ್ನು ಪಳಗಿಸಿದ ವರ್ಷ

ಐವತ್ತರ ದಶಕದ ಕೊನೆಯ ಮಾತು. ನಮ್ಮ ಮಾವ ಬೆಂಗಳೂರಿಗೆ ಹೋಗಿ ಹೊಸ ರೈಫಲ್ ತಂದ ದಿನ ಊರಿನ ಅರ್ಧ ಜನ ನಮ್ಮ ಜಗಲಿಯ ಮುಂದೆ ಸೇರಿದ್ದರು. ಬೂದಿಕೋಟೆಯಿಂದ ಸ್ವಲ್ಪ ಒಳಗಿರುವ ಆ ಊರಿಗೆ ಅವರೇ ಪಟೇಲರು. ಎಣ್ಣೆ ಹತ್ತಿದ ಕಾಗದ ಬಿಚ್ಚಿ, ತೊಡೆಯ ಮೇಲೆ ಇಟ್ಟುಕೊಂಡು, ಮೊದಲ ಮೊಮ್ಮಗನನ್ನು ತೋರಿಸುವ ಹಾಗೆ ಎಲ್ಲರಿಗೂ ತೋರಿಸಿದರು. ಎಲ್ಲರೂ ಮುಟ್ಟಿ ನೋಡಿದರು. ಮುಟ್ಟದೆ ಉಳಿದವರು ಇಬ್ಬರು. ಒಬ್ಬಳು ನಾನು, ಹಿರಿಯ ಸೊಸೆ, ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಇನ್ನೊಬ್ಬರು ನನ್ನ ಗಂಡ. ಯಾರ ಕೈಗೆ ಕೊಡಬೇಕೆಂದು ಅದನ್ನು ತಂದಿದ್ದರೋ ಅವರು.

ನನ್ನ ಗಂಡ ಮದುವೆಗೆ ಮೊದಲಿನಿಂದಲೂ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಪಟೇಲರ ಮಗ ಗಣಿಗೆ ಇಳಿಯುವುದೇ ಎಂದು ಮಾವನಿಗೆ ಸಿಟ್ಟಿತ್ತು. ಆದರೆ ಜಮೀನಿನ ಯಜಮಾನಿಕೆಯಲ್ಲಿ ಮಗನಿಗೆ ಒಂದು ಮಾತೂ ಬಿಟ್ಟುಕೊಡದ ಮನುಷ್ಯ ಅವರು. ಇವರು ಸೋಮವಾರ ಬೆಳಿಗ್ಗೆ ಸೈಕಲ್ಲಿನಲ್ಲಿ ಬಂಗಾರಪೇಟೆಗೆ ಹೋಗಿ ರೈಲು ಹತ್ತಿದರೆ ಶನಿವಾರ ಸಂಜೆಗೇ ಬರುತ್ತಿದ್ದರು. ಒಂದು ಸಲ ಶನಿವಾರ ಬರಲಿಲ್ಲ. ಒಳಗೆ ಏರ್‌ಬ್ಲಾಸ್ಟ್ ಆಗಿತ್ತು. ಅಷ್ಟು ಆಳದಲ್ಲಿ ಕಲ್ಲು ಒತ್ತಡ ತಡೆಯಲಾರದೆ ತಾನಾಗಿ ಸಿಡಿಯುತ್ತದೆ, ಗೋಡೆ ಚಾವಣಿ ಎಲ್ಲ ಕುಸಿಯುತ್ತವೆ. ಇವರ ಜೊತೆಗಿದ್ದ ಇಬ್ಬರು ಅಲ್ಲೇ ಹೋದರು. ಇವರನ್ನು ಅಗೆದು ಹೊರಗೆ ತಂದರು. ಭುಜದ ಮೂಳೆ ಮುರಿದಿತ್ತು, ಆಸ್ಪತ್ರೆಯಲ್ಲಿ ಕೂಡಿಸಿದರು. ಮೂಳೆ ಕೂಡಿತು. ಮನುಷ್ಯ ಮನೆಗೆ ಬಂದು ಹಟ್ಟಿಯ ಮೂಲೆಯಲ್ಲಿ ಕೂತವರು ಕೂತೇ ಇದ್ದರು.

ಆ ವರ್ಷ ಗುಡ್ಡದ ಕಡೆಯಿಂದ ಕಾಡುಹಂದಿಗಳು ಇಳಿದು ಕಡ್ಲೆಕಾಯಿ ಹೊಲಗಳನ್ನು ಉತ್ತ ಹಾಗೆ ಉತ್ತು ಹಾಕುತ್ತಿದ್ದವು. ಮಾವನ ಹತ್ತಿರ ಇದ್ದದ್ದು ನಳಿಗೆಯ ಬಾಯಿಂದ ಮದ್ದು ತುಂಬಿ ಜಡಿಯುವ ಹಳೆಯ ಕೋವಿ. ಅದು ಸದ್ದು ಮಾಡುತ್ತಿತ್ತು, ಹೊಗೆ ಬಿಡುತ್ತಿತ್ತು, ಹಂದಿ ಮಾತ್ರ ಬೀಳುತ್ತಿರಲಿಲ್ಲ. ಹೊಸದನ್ನು ತಂದ ಅವತ್ತು ಎಲ್ಲರ ಮುಂದೆ ಇವರನ್ನು ಕರೆದು, "ತಗೋಳ್ಲಾ. ಮನೇಲಿ ಕುಂತು ಕುಂತು ಎಂಗ್ಸಿನ ಥರ ಆಗೋಗಿದ್ದೀಯ. ಇದನ್ನ ಇಡ್ಕೊಂಡು ಗಂಡ್ಸಾಗು" ಎಂದರು. ಇವರು ಎದ್ದು ಬಂದು ತೆಗೆದುಕೊಂಡರು. ಬೇಡ ಎನ್ನುವುದಕ್ಕೂ ಶಕ್ತಿ ಬೇಕಲ್ಲ.

ಮೊದಲ ಭಾನುವಾರ ಇವರು ಊರಾಚೆಯ ಒಣಕುಂಟೆಯ, ಅಂದರೆ ಬತ್ತಿದ ಸಣ್ಣ ಕೆರೆಯ, ಏರಿಗೆ ಒಂದು ಮಡಕೆ ಇಟ್ಟು ಹೊಡೆದರು. ಮಡಕೆ ಅಲುಗಲಿಲ್ಲ. ಒಂದು ಗುಂಡು ಏರಿಯ ನೆತ್ತಿಗೆ ಹೋಯಿತು, ಒಂದು ಮಡಕೆಯ ಮುಂದೆಯೇ ಮಣ್ಣು ಹಾರಿಸಿತು. ಮೈದುನ, ಅಂದರೆ ಇವರ ತಮ್ಮ, ಎರಡು ಗುಂಡು ಹೊಡೆದ. ಅವೂ ತಪ್ಪಿ ಎಡಕ್ಕೆ ಹೋದವು. ಆಗ ಎಲ್ಲರೂ ತುಪಾಕಿಯದೇ ತಪ್ಪು ಎಂದರು. ಅಂಗಡಿಯವನು ಮೋಸ ಮಾಡಿದ್ದಾನೆ ಎಂದು ಮನೆಗೆ ಬಂದ ಮೇಲೂ ಮಾವ ಬೈದರು. ನಾನು ಅಡುಗೆಮನೆಯಿಂದಲೇ, "ನಮ್ಮಪ್ಪನಿಗೆ ಏಳಿ ಕಳ್ಸೋಣ ಮಾವ, ಅವ್ರು ನೋಡ್ತಾರೆ" ಎಂದೆ.

ನನ್ನ ತಂದೆ ಪಟ್ಟಾಳಂನಲ್ಲಿ ಇದ್ದವರು. ದೊಡ್ಡ ಯುದ್ಧ ಮುಗಿದ ಮೇಲೆ ಬೇತಮಂಗಲದ ಕೆರೆಯ ನೀರಿನ ಕೆಲಸದಲ್ಲಿ ಕಾವಲಿಗಿದ್ದರು. ಗಂಡುಮಕ್ಕಳಿಲ್ಲದ ಅವರು ತಮಗೆ ಗೊತ್ತಿದ್ದದ್ದನ್ನೆಲ್ಲ ನನಗೇ ಹೇಳುತ್ತಿದ್ದರು. ಸೈನ್ಯದ ಬೂಟಿಗೆ ಪಾಲಿಶ್ ಹಾಕುವುದರಿಂದ ಹಿಡಿದು ಬಂದೂಕಿನ ಹೊಟ್ಟೆಯೊಳಗೆ ಏನೇನಿದೆ ಎನ್ನುವವರೆಗೆ.

ಅಪ್ಪ ಬಸ್ಸಿನಲ್ಲಿ ಬಂದರು. ರೈಫಲ್ಲಿನ ಬೋಲ್ಟ್ ತೆಗೆದು ನಳಿಗೆಯನ್ನು ಸೂರ್ಯನ ಕಡೆ ಹಿಡಿದು ಒಳಗೆ ನೋಡಿದರು. "ಒಳ್ಳೆ ಮಾಲೇ ಬೀಗ್ರೇ. ಆದ್ರೆ ಇನ್ನೂ ಪಳಗಿಲ್ಲ. ಒಸ ಎತ್ತನ್ನ ತಂದ ದಿನಾನೇ ಯಾರಾದ್ರೂ ನೇಗ್ಲಿಗೆ ಕಟ್ತಾರಾ?" ಎಂದರು. ಹೊಸ ನಳಿಗೆಯ ಒಳಗೆ ಕಣ್ಣಿಗೆ ಕಾಣದ ಸಣ್ಣ ತರಿ ಇರುತ್ತದೆ, ಒಂದೊಂದು ಗುಂಡೂ ಅದನ್ನು ಸ್ವಲ್ಪ ಸ್ವಲ್ಪ ನಯ ಮಾಡುತ್ತದೆ. ಆದರೆ ಒಂದು ಗುಂಡಿನ ಕಸ ಒಳಗೆ ಉಳಿದಿರುವಾಗಲೇ ಇನ್ನೊಂದು ಹೊಡೆದರೆ ನಯವಾಗುವ ಬದಲು ಕಸ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಮೊದಮೊದಲು ಒಂದು ಗುಂಡಿಗೆ ಒಂದು ಸಲ ಒರೆಸಬೇಕು. ಇದನ್ನೆಲ್ಲ ಅಪ್ಪ ಹೇಳುತ್ತಿದ್ದರೆ ಮಾವ ಬೇಸರದಿಂದ ಆಕಳಿಸಿದರು. "ಒರ್ಸೋ ಕೆಲ್ಸ ನಿಮ್ ಮಗಳು ಮಾಡ್ಲಿ ಬಿಡಿ" ಎಂದರು. ಹಾಗೆ ನಾನು ಕುಂಟೆಯ ಏರಿಗೆ ಹೋಗುವಂತಾಯಿತು.

ಹರಿದ ಮೊರವೊಂದಕ್ಕೆ ಸುಣ್ಣ ಬಳಿದು ನಡುವೆ ಮಸಿಯ ಬೊಟ್ಟಿಟ್ಟೆ. ರಾಗಿ ಹೊಟ್ಟು ತುಂಬಿದ ಚೀಲವನ್ನು ಬಂಡೆಯ ಮೇಲಿಟ್ಟು, ಅದರ ಮೇಲೆ ರೈಫಲ್ ಊರಿ ಅಪ್ಪ ಒಂದು ಗುಂಡು ಹೊಡೆಯುವುದು, ನಾನು ಹಳೆಯ ಪಂಚೆಯ ಚೂರನ್ನು ಕಡ್ಡಿಗೆ ಸಿಕ್ಕಿಸಿ ನಳಿಗೆಯೊಳಗೆ ಎಳೆಯುವುದು. ಮೊದಲು ಕಪ್ಪಗೆ ಬರುತ್ತಿದ್ದ ಬಟ್ಟೆ ಬರಬರುತ್ತಾ ಬೂದಿ ಬಣ್ಣಕ್ಕೆ ಬಂತು. ಗುಂಡು ಬಿಸಿಲಿಗೆ ಕಾಯದಂತೆ ನೆರಳಲ್ಲಿ ಇಡುವುದು, ನಳಿಗೆ ಬಿಸಿಯಾದರೆ ಆರುವವರೆಗೆ ಕಾಯುವುದು. ಅವಸರ ಎನ್ನುವುದೇ ಇರಲಿಲ್ಲ. ಎಲ್ಲ ಗುಂಡೂ ಸ್ವಲ್ಪ ಎಡಕ್ಕೇ ಹೋಗುತ್ತಿದ್ದವು. ಅಪ್ಪ ನಳಿಗೆಯ ತುದಿಯಲ್ಲಿರುವ ಗುರಿಮಣಿಗೆ ಹಿತ್ತಾಳೆಯ ತುಂಡೊಂದನ್ನು ಆನಿಸಿ, ಸಣ್ಣ ಸುತ್ತಿಗೆಯಿಂದ ಅದನ್ನು ಎಡಕ್ಕೇ ತಟ್ಟಿದರು. ಗುಂಡು ಯಾವ ಕಡೆ ತಪ್ಪುತ್ತದೋ ಮಣಿಯನ್ನೂ ಅದೇ ಕಡೆಗೆ ತಟ್ಟಬೇಕಂತೆ. ನನಗೆ ಅದು ಉಲ್ಟಾ ಅನ್ನಿಸಿತ್ತು. ತಟ್ಟಿದ ಮೇಲೆ ಹೊಡೆದ ಮೂರು ಗುಂಡುಗಳು ಮಸಿಯ ಬೊಟ್ಟಿನ ಸುತ್ತ, ನನ್ನ ಅಂಗೈಯಿಂದ ಮುಚ್ಚುವಷ್ಟು ಜಾಗದಲ್ಲಿ ಬಿದ್ದವು. ನಾನು ಓಡಿಹೋಗಿ ಅಂಗೈ ಇಟ್ಟು ನೋಡಿದೆ.

ಆಮೇಲೆ ನನ್ನ ಗಂಡನ ಕೈಗೆ ಕೊಟ್ಟರು. ಅದೇ ಚೀಲ, ಅದೇ ಬಂಡೆ. ಗುಂಡು ಮೊರದ ಮುಂದಿನ ಮಣ್ಣಿಗೆ ಹೋಯಿತು.

ಊರಿಗೆ ವಾಪಸು ಬರುವಾಗ ಅಪ್ಪ ನನ್ನನ್ನು ಹಿಂದೆ ಉಳಿಸಿಕೊಂಡರು. "ತುಪಾಕಿ ಸರಿಯಾಗದೆ ಕಣಮ್ಮಾ. ಅಳಿಯಂದ್ರು ಬೆರಳಲ್ಲಿ ತುಪಾಕಿ ಕುದುರೆ ಎಳೆಯೋಕ್ ಮುಂಚೇನೇ ಅದುರ್ತಾರೆ. ಕಣ್ಣು ಮುಚ್ಕೊಂಡು ನಳಿಗೆ ತಗ್ಗಿಸ್ತಾರೆ. ಅವರ್ಗೇ ಗೊತ್ತಾಗ್ತಿಲ್ಲ ಅದು. ಪಟ್ಟಾಳಂನಲ್ಲಿ ಒಸ ಉಡುಗ್ರಿಗೆ ಏಳ್ದೇನೇ ಮದ್ದು ಗುಂಡು ಇಲ್ದಿರೋ ಕಾಲಿ ತೋಟಾ ಆಕಿ ಕೊಡೋರು. ಸದ್ದು ಬರಲ್ಲ, ಅದುರೋದು ಮಾತ್ರ ಕಾಣ್ತದೆ. ಆಗ ಅವರ್ಗೇ ತಿಳೀತದೆ. ಆದ್ರೆ ಇದನ್ನ ಯಾರೂ ಇಲ್ದಾಗ ಮಾಡ್ಬೇಕು" ಎಂದರು. ನಮ್ಮ ಹಿಂದೆ ಮಾವ ಬರುತ್ತಿದ್ದದ್ದು ಇಬ್ಬರಿಗೂ ಗೊತ್ತಿರಲಿಲ್ಲ.

ಮರುದಿನವೇ ಮಾವ ಅದನ್ನು ಮಾಡಿದರು. ಯಾರೂ ಇಲ್ಲದಾಗ ಅಲ್ಲ. ಕಡ್ಲೆಕಾಯಿ ಕಳೆ ಕೀಳಲು ಬಂದ ಆಳುಗಳೆಲ್ಲ ಹೊಲದ ಬದುವಿನಲ್ಲಿ ಊಟಕ್ಕೆ ಕೂತಿದ್ದಾಗ, ತಾವೇ ತೋಟಾ ಹಾಕಿದಂತೆ ಮಾಡಿ ರೈಫಲ್ಲನ್ನು ಇವರ ಕೈಗಿತ್ತು, "ಆ ಗೆದ್ದಲ ಉತ್ತಕ್ಕೆ ಒಡಿಲಾ, ಎಲ್ಲಾರೂ ನೋಡ್ಲಿ" ಎಂದರು. ನಾನು ಮುದ್ದೆಯ ಬುಟ್ಟಿ ಹೊತ್ತು ಆಗ ತಾನೇ ಬಂದಿದ್ದೆ. ಇವರು ಭುಜಕ್ಕೆ ಆನಿಸಿದರು. ಟಕ್ ಎಂದು ಸಣ್ಣ ಸದ್ದಾಯಿತು, ಅಷ್ಟೇ. ಆದರೆ ಇವರ ಮೈ ಇಡೀ ಕುಗ್ಗಿ, ನಳಿಗೆ ಮಣ್ಣಿಗೆ ಬಡಿದು, ಎಡಗೈ ತಾನಾಗಿ ತಲೆಯ ಮೇಲೆ ಹೋಯಿತು. ಚಾವಣಿ ಬೀಳುವಾಗ ತಲೆ ಮುಚ್ಚಿಕೊಳ್ಳುವ ಹಾಗೆ.

ಮೊದಲು ನಕ್ಕವನು ಮೈದುನ. ಅವನು ನಕ್ಕಿದ್ದರಿಂದ ಆಳುಗಳೂ ನಕ್ಕರು. ಮಾವ ನಗಲಿಲ್ಲ. "ನೋಡಿದ್ರಾ? ತುಪಾಕಿ ಸರಿಯಾಗೇ ಐತೆ" ಎಂದು, ಬೆಂಗಳೂರಿನ ಅಂಗಡಿಯವನ ಮಾನ ಉಳಿಸಿದವರಂತೆ ಮಾತಾಡಿದರು. ಇವರು ರೈಫಲ್ಲನ್ನು ಬದುವಿನ ಮೇಲೆ ಮೆಲ್ಲಗೆ ಮಲಗಿಸಿ, ಧೂಳು ಕೊಡವಿಕೊಳ್ಳದೆ ಬಾವಿಯ ಕಡೆ ನಡೆದರು. ನಾನು ಬುಟ್ಟಿ ಇಳಿಸಿ ಹಿಂದೆ ಹೋದೆ. ಸೊಸೆಯಾದವಳು ಊಟಕ್ಕೆ ಬಡಿಸದೆ ಗಂಡನ ಹಿಂದೆ ಹೋದಳೆಂದು ಆಮೇಲೆ ಬಹಳ ದಿನ ಅನ್ನಿಸಿಕೊಂಡೆ.

ಬಾವಿಯ ಕಟ್ಟೆಯ ಮೇಲೆ ಕೂತು ಇವರು ಮೊದಲ ಬಾರಿಗೆ ಗಣಿಯ ಮಾತು ಎತ್ತಿದರು. ಅಷ್ಟು ದಿನ ನಾನು ಕೇಳಿದರೂ ಹೇಳಿರಲಿಲ್ಲ.

"ಒಳಗೆ ಸಿಡಿಯೋಕ್ ಮುಂಚೆ ಒಂದ್ ಗಳಿಗೆ ಎಲ್ಲಾ ನಿಂತೋದಂಗ್ ಆಯ್ತದೆ ಕಣೇ. ಗಾಳೀನೂ ಆಡಲ್ಲ. ನನ್ ಪಕ್ಕದಾಗೆ ಇದ್ದ ತಮಿಳಿನಾತ, ನನ್ನ ತಮ್ಮ ಅನ್ನಂಗೆ ತಂಬೀ ತಂಬೀ ಅಂತಿದ್ದ. ಬೀಡಿ ಕೇಳೋಕೆ ತಂಬೀ ಅಂದ. ಅಂದಿದ್ದಷ್ಟೇ. ಆಮೇಲೆ ಕತ್ಲು. ಅವನ್ ಕೈ ನನ್ ಮೊಣಕಾಲ್ ಮೇಲೇ ಇತ್ತು, ಬೆಚ್ಚಗಿತ್ತು, ಆಮೇಲೆ ತಣ್ಣಗಾಯ್ತು. ಈ ಕುದುರೆ ಮೇಲೆ ಬೆರಳು ಇಟ್ಟಾಗ ಅದೇ ಗಳಿಗೆ ಬತ್ತದೆ. ಎಲ್ಲಾ ನಿಂತೋಯ್ತದೆ. ನಾನೇನ್ ಮಾಡ್ಲಿ?"

ನಾನು ನೀರು ಸೇದಿ ಕೊಟ್ಟೆ, ಮುಖ ತೊಳೆದರು.

ಆವತ್ತಿನಿಂದ ನಾವಿಬ್ಬರೂ ಒಂದು ಕೆಲಸ ಶುರು ಮಾಡಿದೆವು. ಅಪ್ಪ ಹೊರಡುವ ಮೊದಲು ಒಂದು ಉಪಾಯ ಹೇಳಿದ್ದರು. ಖಾಲಿ ತೋಟಾ ಹಾಕಿದ ರೈಫಲ್ಲಿನ ನಳಿಗೆಯ ಮೇಲೆ ಒಂದು ಹುಣಸೆ ಬೀಜ ಇಡಬೇಕು. ಗುರಿ ಹಿಡಿದು ಕುದುರೆ ಎಳೆಯಬೇಕು. ಬೀಜ ಬೀಳಬಾರದು. ಮಧ್ಯಾಹ್ನ ಮಾವ ಮಲಗಿದಾಗ ಕೊಟ್ಟಿಗೆಯಲ್ಲಿ ಇವರು ಗುರಿ ಹಿಡಿಯುತ್ತಿದ್ದರು, ನಾನು ಬೀಜ ಇಡುತ್ತಿದ್ದೆ. ಬೀಳುತ್ತಿತ್ತು, ಮತ್ತೆ ಇಡುತ್ತಿದ್ದೆ. "ಉಸಿರು ಬಿಡ್ತಾ ಮೆಲ್ಲಗೆ ಒತ್ತಿ. ಯಾವಾಗ ಟಕ್ ಅಂತದೋ ನಿಮಗೇ ಗೊತ್ತಾಗ್ಬಾರ್ದು" ಎನ್ನುತ್ತಿದ್ದೆ, ಅಪ್ಪ ಹೇಳಿದ್ದನ್ನೇ. ಎಮ್ಮೆಗಳು ಮೆಲುಕು ಹಾಕುತ್ತಾ ನಮ್ಮನ್ನು ನೋಡುತ್ತಿದ್ದವು. ನಮ್ಮ ಮದುವೆಯಾದ ಮೇಲೆ ನಾವು ಇಬ್ಬರೇ ಒಟ್ಟಿಗೆ ಅಷ್ಟು ಹೊತ್ತು ಕಳೆದದ್ದು ಆಗಲೇ. ಕೊಟ್ಟಿಗೆಯಲ್ಲಿ, ಸಗಣಿಯ ವಾಸನೆಯಲ್ಲಿ, ನಡುವೆ ಒಂದು ತುಪಾಕಿ ಇಟ್ಟುಕೊಂಡು. ಆ ದಿನಗಳನ್ನು ನೆನೆದರೆ ಈಗಲೂ ಎದೆ ಉರಿಯುತ್ತದೆ, ಏಕೆಂದರೆ ಅವು ಚೆನ್ನಾಗಿದ್ದವು.

ಒಂದು ದಿನ ಬೀಜ ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಕಡ್ಲೆಕಾಯಿ ಬಲಿಯುವ ಹೊತ್ತಿಗೆ ಕುಂಟೆಗೆ ಹೋಗಿ ನಿಜವಾದ ಗುಂಡು ಹಾಕಿದೆವು. ನಾನು ಕೆಲವು ಸಲ ನಿಜವಾದದ್ದು, ಕೆಲವು ಸಲ ಖಾಲಿಯದು ಹಾಕಿ ಕೊಡುತ್ತಿದ್ದೆ, ಯಾವುದು ಯಾವಾಗ ಎಂದು ಇವರಿಗೆ ಗೊತ್ತಿರುತ್ತಿರಲಿಲ್ಲ. ಇವರೇ ಹಾಗೆ ಮಾಡು ಎಂದಿದ್ದರು. ಸದ್ದಿಗೆ ಬೆವರುತ್ತಿದ್ದರು, ತುಟಿ ಬಿಳಿಚಿಕೊಳ್ಳುತ್ತಿತ್ತು, ಆದರೆ ನಳಿಗೆ ನಿಲ್ಲುತ್ತಿತ್ತು. ಮಸಿಯ ಬೊಟ್ಟಿಗೆ ಸರಿಯಾಗಿ ಒಂದು ಗುಂಡು ಬಿದ್ದ ದಿನ ಇವರು ಆ ಮೊರವನ್ನು ಕಂಕುಳಲ್ಲಿ ಇಟ್ಟುಕೊಂಡೇ ಊರೊಳಗೆ ಬಂದರು. ದಾರಿಯಲ್ಲಿ ಸಿಕ್ಕವರ ಜೊತೆ ನಿಂತು ಮಾತಾಡಿದರು. ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಅದೇ ವಾರ ಬಂಗಾರಪೇಟೆಯ ಮಂಡಿ ಸಾಹುಕಾರರೊಬ್ಬರನ್ನು ಮಾವ ಹಂದಿ ಬೇಟೆಗೆ ಕರೆದಿದ್ದರು. ನಮ್ಮ ಕಡ್ಲೆಕಾಯಿಯೆಲ್ಲ ಅವರ ಮಂಡಿಗೇ ಹೋಗುತ್ತಿತ್ತು. ಹಿಂದಿನ ಸಂಜೆ ಇವರು ಆ ಮೊರವನ್ನು ಮಾವನ ಮುಂದಿಟ್ಟು, "ನಾಳೆ ತುಪಾಕಿ ಇಡ್ಕೊಂಡು ನಾನು ನಿಂತ್ಕೊತೀನಪ್ಪ" ಎಂದರು.

ಮಾವ ಮೊರವನ್ನು ತಿರುಗಿಸಿ ನೋಡಿದರು. "ಮೊರ ಒಡೆದ್ರೆ ಅಂದಿ ಒಡ್ದಂಗೇನ್ಲಾ? ದೊಡ್ಡೋರು ಬತ್ತಾವ್ರೆ. ಅವರ್ ಮುಂದೆ ತಲೆ ಮೇಲೆ ಕೈ ಇಟ್ಕೊಂಡು ಕುಂತ್ರೆ ನನ್ ಮರ್ವಾದೆ ಏನಾಗ್ಬೇಕು? ನಿನ್ ತಮ್ಮ ನಿಂತ್ಕೊತಾನೆ. ನೀನು ಆಳುಗಳ ಜತೆ ಡಬ್ಬ ಬಡ್ದು ಅಂದಿ ಎಬ್ಸು."

"ಮಾವ, ಈಗ ಅವ್ರು ಅದುರಲ್ಲ" ಎಂದು ನಾನು ಬಾಗಿಲಿನಿಂದ ಹೇಳಿದೆ.

"ಎಣ್ಣೆ ಆಕಿ ಒರ್ಸಿ ಇಡಮ್ಮ, ಬೆಳಿಗ್ಗೆಗೆ ಬೇಕು" ಎಂದರು ಮಾವ. ನಾನು ಮಾತಾಡಿದ್ದೇ ಕೇಳಿಸದವರ ಹಾಗೆ.

ಒರೆಸಿದೆ. ಅಪ್ಪ ಬಿಟ್ಟುಹೋದ ಸಣ್ಣ ಸುತ್ತಿಗೆ ಗೋಡೆಯ ಗೂಡಿನಲ್ಲೇ ಇತ್ತು. ಗುರಿಮಣಿಗೆ ಒಂದೇ ಒಂದು ತಟ್ಟು ಸಾಕಾಗಿತ್ತು, ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಮೈದುನನ ಗುಂಡು ಗುಡ್ಡಕ್ಕೆ ಹೋಗುತ್ತಿತ್ತು. ಸುತ್ತಿಗೆಯನ್ನು ಕೈಗೆ ತೆಗೆದುಕೊಂಡೂ ಇದ್ದೆ. ಅಪ್ಪ ಮಾಡಿದ ಕೆಲಸವನ್ನು ನಾನೇ ಕೆಡಿಸಬೇಕಲ್ಲ ಎನ್ನಿಸಿ ಇಟ್ಟುಬಿಟ್ಟೆ. ತಟ್ಟಬೇಕಿತ್ತು. ಈ ವಯಸ್ಸಿನಲ್ಲೂ ನನಗೆ ಹಾಗೇ ಅನ್ನಿಸುತ್ತದೆ.

ಬೆಳಿಗ್ಗೆ ಜೀಪು ಬಂತು. ಇವರು ಸೀಮೆಎಣ್ಣೆಯ ಡಬ್ಬವನ್ನೂ ಒಂದು ಕೋಲನ್ನೂ ಹಿಡಿದು ಆಳುಗಳ ಸಾಲಿನಲ್ಲಿ ಪೊದೆಗಳೊಳಗೆ ಹೋದರು. ಬಿಸಿಲೇರುವ ಹೊತ್ತಿಗೆ ಗುಡ್ಡದಿಂದ ಒಂದೇ ಒಂದು ಸದ್ದು ಕೇಳಿಸಿತು. ದೊಡ್ಡ ಗಂಡು ಹಂದಿ, ಕಿವಿಯ ಹಿಂದೆ ಬಿದ್ದಿತ್ತು ಗುಂಡು. ಕೋಲಿಗೆ ಕಟ್ಟಿ ಹೊತ್ತು ತಂದರು. ಸಾಹುಕಾರರು ಮೈದುನನ ಬೆನ್ನು ತಟ್ಟಿ, ಎಷ್ಟು ಚೆನ್ನಾಗಿ ಪಳಗಿದೆ ನಿಮ್ಮ ತುಪಾಕಿ ಎಂದರು. ಅವನು, "ಒಸದು ಸಾರ್, ನಾನೇ ಕುಂತು ಪಳಗ್ಸಿದ್ದು" ಎಂದ. ನಾನು ಅಲ್ಲೇ, ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದೆ. ಅವನು ನನ್ನ ಮುಖ ನೋಡಲಿಲ್ಲ, ಲೋಟ ಮಾತ್ರ ತೆಗೆದುಕೊಂಡ.

ಅಂಗಳದಲ್ಲಿ ಪಾಲು ಹಾಕಿದರು. ಹೊಡೆದವನಿಗೆ ತೊಡೆ, ಬಂದ ದೊಡ್ಡವರಿಗೆ ತೊಡೆ, ಡಬ್ಬ ಬಡಿದವರಿಗೆಲ್ಲ ಮುತ್ತುಗದ ಎಲೆಯಲ್ಲಿ ಒಂದೊಂದು ಗುಡ್ಡೆ. ಪಾಲು ಹಾಕುವವನು ತಲೆ ಎತ್ತದೆ ಸಾಲಿನಲ್ಲಿ ಇಡುತ್ತಾ ಬಂದು ಇವರ ಮುಂದೆಯೂ ಒಂದು ಎಲೆ ಇಟ್ಟ. ಆಮೇಲೆ ಯಾರೆಂದು ನೋಡಿ ನಾಲಗೆ ಕಚ್ಚಿಕೊಂಡ. ಇವರು ಎಲೆಯನ್ನು ಎತ್ತಿಕೊಂಡು, ಪಕ್ಕದಲ್ಲಿ ಕೂತಿದ್ದ ಮುದುಕ ಆಳಿನ ಗುಡ್ಡೆಗೆ ಸೇರಿಸಿ ಎದ್ದರು. ಅವತ್ತು ನಾನು ಬಂದವರಿಗೆಲ್ಲ ಆ ಮಾಂಸ ಬೇಯಿಸಿ ಬಡಿಸಿದೆ.

ಸೋಮವಾರ ಇವರು ಸೈಕಲ್ ಹೊರತೆಗೆದರು. ಗಣಿಯವರು ಇವರಿಗೆ ಮೇಲೆಯೇ ಹಗುರ ಕೆಲಸ ಕೊಡುತ್ತೇವೆ ಎಂದು ಹಿಂದೆಯೇ ಹೇಳಿದ್ದರು. ಇವರು ಹೋಗಿ ಒಳಗಿನದೇ ಬೇಕೆಂದು ಕೇಳಿ ತೆಗೆದುಕೊಂಡರು. ನನಗೆ ಗೊತ್ತಾದಾಗ ಅತ್ತು ಕೂಗಾಡಿದೆ. "ಮೇಲೆ ಕೆಲ್ಸ ಕೊಡ್ತೀವಿ ಅಂದ್ರಲ್ಲ, ಮತ್ತೆ ಆ ಬಾಯಿಗೇ ಯಾಕ್ ಬೀಳ್ತೀರಾ?"

"ಒಳಗಡೆ ಎದ್ರಿಕೊಂಡ್ರೆ ಯಾರೂ ನಗಲ್ಲ ಕಣೇ. ಅಲ್ಲಿ ಎಲ್ಲಾರೂ ಎದರ್ತಾರೆ" ಎಂದರು.

ನಾನೂ ಹೊರಟೆ. ಗಣಿ ಕೆಲಸದವರ ಸಾಲುಮನೆಗಳ ಲೈನಿನಲ್ಲಿ ತಟ್ಟಿಯ ಗೋಡೆಯ ಒಂದು ಮನೆ ಸಿಕ್ಕಿತು. ಪಟೇಲರ ಸೊಸೆ ಬೀದಿ ನಲ್ಲಿಯ ಸಾಲಿನಲ್ಲಿ ಕೊಡ ಇಟ್ಟು ನಿಂತಳೆಂದು ಊರಲ್ಲಿ ಆಡಿಕೊಂಡರು. ಅಕ್ಕಪಕ್ಕದ ತಮಿಳು ಹೆಂಗಸರಿಂದ ನಾನು ತಮಿಳು ಕಲಿತೆ, ಶನಿವಾರ ಅವರ ಜೊತೆ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದೆ. ಕೆಲವು ಸಲ ನೆಲ ಅದುರಿ ಗೂಡಿನ ಪಾತ್ರೆಗಳು ಬೀಳುತ್ತಿದ್ದವು. ಆಗ ಎಲ್ಲ ಹೆಂಗಸರೂ ಒಲೆ ಬಿಟ್ಟು ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡುತ್ತಿದ್ದೆವು. ಪ್ರತಿ ಸಲವೂ ಇವರು ಮೇಲೆ ಬಂದರು. ಬಂದು ನನ್ನನ್ನು ಗುಂಪಿನಲ್ಲಿ ಹುಡುಕಿ, ತಲೆಯಾಡಿಸಿ, ಮನೆಯ ಕಡೆ ನಡೆಯುತ್ತಿದ್ದರು.

ಅರವತ್ತರ ದಶಕದಲ್ಲಿ, ಮಾವ ತೀರಿಕೊಂಡು ಒಂದೆರಡು ಮಳೆಗಾಲ ಕಳೆದ ಮೇಲೆ, ಒಂದು ಭಾನುವಾರ ಮೈದುನ ನಮ್ಮ ಮನೆ ಹುಡುಕಿಕೊಂಡು ಬಂದ. ಸೈಕಲ್ಲಿಗೆ ಗೋಣಿಚೀಲ ಸುತ್ತಿ ರೈಫಲ್ ಕಟ್ಟಿದ್ದ. ಆ ಹೊತ್ತಿಗೆ ಜಮೀನು, ಮನೆ, ಪಟೇಲಿಕೆಯ ಗತ್ತು ಎಲ್ಲ ಅವನದೇ. ಹೊಸ್ತಿಲಲ್ಲಿ ನಿಂತು, "ಅತ್ಗೆ, ಇದು ಯಾಕೋ ನೆಟ್ಟಗೆ ಒಡೀತಿಲ್ಲ. ನಿಮಗೆ ಗೊತ್ತಲ್ಲ, ಸ್ವಲ್ಪ ನೋಡಿ ಕೊಡಿ" ಎಂದ.

ಬೋಲ್ಟ್ ತೆಗೆದು ನಳಿಗೆಯನ್ನು ಬೆಳಕಿಗೆ ಹಿಡಿದೆ. ಒಳಗೆಲ್ಲ ತುಕ್ಕು ತಿಂದು ಗುಳಿ ಬಿದ್ದಿತ್ತು. ಹೊಡೆದ ಮೇಲೆ ಒಂದು ಸಲವೂ ಒರೆಸಿದವನಲ್ಲ.

"ಇದು ಸತ್ತೋಗದೆ. ತಗೊಂಡ್ ಓಗಪ್ಪ" ಎಂದೆ.

ನನ್ನ ಗಂಡ ಒಳಗಿನಿಂದ ಬಂದರು. ಆಗಲೇ ಅವರಿಗೆ ಕೆಮ್ಮು ಹಿಡಿದಿತ್ತು, ನಾಲ್ಕು ಮಾತಿಗೆ ಒಂದು ಸಲ ನಿಲ್ಲಬೇಕಾಗುತ್ತಿತ್ತು. ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಹಜಾರದಲ್ಲಿ ಕೂತು, ನೀರು ಕಾಯಿಸಲು ಹೇಳಿದರು. ನಾನು ಕಾಯಿಸಲಿಲ್ಲ. ತಾವೇ ಎದ್ದು ಒಲೆ ಹೊತ್ತಿಸಿದರು. ಕುದಿಯುವ ನೀರು ಹೊಯ್ದು, ಬಟ್ಟೆ ಎಳೆದು, ಎಣ್ಣೆ ಹಾಕಿ ನೆನೆಯಲು ಬಿಟ್ಟು, ಮತ್ತೆ ಎಳೆದು, ಆ ಭಾನುವಾರವನ್ನೆಲ್ಲ ಅದಕ್ಕೇ ಕೊಟ್ಟರು. ವಾರಕ್ಕೆ ನಮಗೆ ಸಿಗುತ್ತಿದ್ದದ್ದು ಅದೊಂದೇ ದಿನ. ಮೈದುನ ಹೊಸ್ತಿಲ ಮೇಲೆ ಕೂತು ಕಡ್ಲೆಕಾಯಿಯ ಬೆಲೆ, ಬೂದಿಕೋಟೆಗೆ ಬರುವ ಹೊಸ ಬಸ್ಸು ಎಂದು ಏನೇನೋ ಹೇಳುತ್ತಿದ್ದ. ಅಣ್ಣ ಹೇಗಿದ್ದಾನೆ ಎಂದು ಮಾತ್ರ ಕೇಳಲಿಲ್ಲ.

"ಇಷ್ಟೇ ಆಗೋದು. ಅತ್ರದ ಗುರಿಗೆ ನಡೀತದೆ. ಇನ್ ಮೇಲಾದ್ರೂ ಒರ್ಸು" ಎಂದು ಇವರು ಕೊಟ್ಟರು. ಅವನು ಚೀಲ ಸುತ್ತಿಕೊಂಡು ಹೋದ.

ನಾನು ಸುಮ್ಮನಿರಲಾರದೆ ಕೇಳಿದೆ, "ಯಾಕ್ ಮಾಡಿ ಕೊಟ್ರಿ? ಅವತ್ತು ನಿಮ್ಮನ್ನ ನೋಡಿ ನಕ್ಕೋನು ಅವ್ನು. ನಮ್ ಕೆಲ್ಸಾನ ತನ್ದು ಅಂದೋನು ಅವ್ನು."

ಇವರು ಕೈಗೆ ಹತ್ತಿದ ಎಣ್ಣೆಯನ್ನು ಒರೆಸಿಕೊಳ್ಳುತ್ತಾ, "ತುಪಾಕಿ ಏನ್ ಮಾಡ್ತು ಬಿಡು" ಎಂದರು.

ಇವರು ಹೋಗಿ ಎಷ್ಟೋ ವರ್ಷಗಳಾದವು. ಗಣಿಯ ಧೂಳು ಕೂತ ಎದೆ ಬಹಳ ಕಾಲ ತಡೆಯಲಿಲ್ಲ. ಊರವರು ಬಂದು, ನಿನ್ನ ಗಂಡನಷ್ಟು ಒಳ್ಳೆಯವನು ಇರಲಿಲ್ಲ, ಯಾರ ಮೇಲೂ ಸಿಟ್ಟು ಇಟ್ಟುಕೊಳ್ಳಲಿಲ್ಲ ಎಂದು ಹೊಗಳಿ ಹೋದರು. ಹೌದು, ಅವರು ಇಟ್ಟುಕೊಳ್ಳಲಿಲ್ಲ. ಇಟ್ಟುಕೊಂಡವಳು ನಾನು. ಮನೆಯಲ್ಲಿ ಯಾರಾದರೂ ಒಬ್ಬರು ಇಟ್ಟುಕೊಳ್ಳಬೇಕಿತ್ತು.